ಎಫ್-2 ಒತ್ತಿದರೆ ಕ್ಯೂ ಯಾಕೆ ಬಂತು?

ಮೈಸೂರು ರಸ್ತೆಯ ಆರ್ಚ್ ಹತ್ತಿರ ಬಸ್ಸಿಳಿದು ರಾಜರಾಜೇಶ್ವರಿನಗರದ ಒಳಕ್ಕೆ ಹೊರಟರೆ, ಬೆಳಗಿನ ಎಂಟೂವರೆಯ ಹೊತ್ತಿಗೆ ಅಮ್ಮನವರ ಗುಡಿಗೆ ಹೋಗುವವರಿಗಿಂತ ಕಾಲೇಜಿಗೆ ಹೋಗುವವರೇ ಹೆಚ್ಚು ಕಾಣುತ್ತಾರೆ. ಮೈಸೂರು ರಸ್ತೆಯ ಮಗ್ಗುಲಲ್ಲಿ 1963ರಲ್ಲಿ ಆರಂಭವಾದ ಆರ್.ವಿ. ಎಂಜಿನಿಯರಿಂಗ್ ಕಾಲೇಜು, ಚನ್ನಸಂದ್ರದಲ್ಲಿ 2001ರಲ್ಲಿ ಶುರುವಾದ ಆರ್‌ಎನ್‌ಎಸ್, ಐಡಿಯಲ್ ಹೋಮ್ಸ್ ಬಡಾವಣೆಯ ಕಡೆ ಗ್ಲೋಬಲ್ ಅಕಾಡೆಮಿ, ಉತ್ತರಹಳ್ಳಿ–ಕೆಂಗೇರಿ ರಸ್ತೆಯಲ್ಲಿ ಜೆಎಸ್‌ಎಸ್. ಇಷ್ಟು ಕಾಲೇಜುಗಳು ಇಷ್ಟು ಹತ್ತಿರ ಹತ್ತಿರ ಇರುವ ಬಡಾವಣೆ ಬೆಂಗಳೂರಿನಲ್ಲಿಯೂ ಅಪರೂಪ. ಪ್ರತಿಯೊಂದು ಕಾಲೇಜಿನಲ್ಲೂ ಸಾಲು ಸಾಲು ಕಂಪ್ಯೂಟರ್ ಇಟ್ಟ ಲ್ಯಾಬ್‌ಗಳು. ಮೆಟ್ರೊ ಇನ್ನೂ ಕೆಂಗೇರಿಯವರೆಗೆ ಬಂದಿರದ ದಿನಗಳಲ್ಲಿ, ಅಂದರೆ 2021ಕ್ಕಿಂತ ಮೊದಲು, ಅಂಥದೊಂದು ಲ್ಯಾಬಿನಲ್ಲಿ ನಡೆದ ಸಣ್ಣ ಪ್ರಸಂಗದಿಂದ ಈ ವಾರದ ವಿಷಯ ಆರಂಭವಾಗುತ್ತದೆ. ಕಾಲೇಜು ಯಾವುದೆಂಬುದು ಮುಖ್ಯವಲ್ಲ. ಎಲ್ಲಿ ಬೇಕಾದರೂ ನಡೆಯಬಹುದಾಗಿತ್ತು, ನಡೆದೂ ಇದೆ.

ಹುಡುಗಿ ಬಿಡದಿ ಕಡೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಹಟ ಹಿಡಿದು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದಳು. ಆ ವರ್ಷಗಳಲ್ಲಿ ಪಿಯು ಕಾಲೇಜುಗಳ ಲ್ಯಾಬಿನಲ್ಲಿ ನಡೆಯುತ್ತಿದ್ದುದು ನೀಲಿ ಪರದೆಯ ಟರ್ಬೊ ಸಿ++. ಪ್ರೋಗ್ರಾಂ ಬರೆ, ಎಫ್-2 ಒತ್ತಿ ಉಳಿಸು, ಆಲ್ಟ್ ಜೊತೆ ಎಫ್-9 ಒತ್ತಿ ಕಂಪೈಲ್ ಮಾಡು, ಕಂಟ್ರೋಲ್ ಜೊತೆ ಎಫ್-9 ಒತ್ತಿ ಓಡಿಸು, ಆಲ್ಟ್ ಜೊತೆ ಎಫ್-5 ಒತ್ತಿ ಉತ್ತರ ನೋಡು. ಮೇಷ್ಟ್ರು ಹೇಳಿದ್ದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದಳು. ಬಾಯಿಗಿಂತ ಹೆಚ್ಚಾಗಿ ಬೆರಳುಗಳಿಗೆ ಅದು ಪಾಠವಾಗಿತ್ತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂದಿತ್ತು.

ಎಂಜಿನಿಯರಿಂಗ್ ಲ್ಯಾಬಿನಲ್ಲಿ ನೀಲಿ ಪರದೆ ಇರಲಿಲ್ಲ. ಲಿನಕ್ಸ್ ಇತ್ತು. ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ‘ವಿಐ’ ಎಂಬ ಎಡಿಟರ್‌ನಲ್ಲಿ ಪ್ರೋಗ್ರಾಂ ಬರೆಯಬೇಕಾಗಿತ್ತು. ಲ್ಯಾಬ್ ಇಂಟರ್ನಲ್ಸ್ ದಿನ ಹತ್ತು ಸಾಲು ಬರೆದಳು, ಅಭ್ಯಾಸಬಲದಿಂದ ಎಫ್-2 ಒತ್ತಿದಳು. ಕರ್ಸರ್ ಇದ್ದ ಸಾಲಿನ ಮೇಲೆ ಹೊಸದೊಂದು ಸಾಲು ಹುಟ್ಟಿ ಅದರಲ್ಲಿ ‘ಕ್ಯೂ’ ಎಂಬ ಇಂಗ್ಲಿಷ್ ಅಕ್ಷರ ಮೂಡಿತು. ಅದನ್ನು ಅಳಿಸಲು ಬಾಣದ ಕೀಲಿ ಒತ್ತಿ ಮೇಲೆ ಹೋಗೋಣವೆಂದರೆ ಇನ್ನೊಂದು ಸಾಲು, ಅದರಲ್ಲಿ ‘ಎ’. ಕೆಳಗಿನ ಬಾಣ ಒತ್ತಿದರೆ ‘ಬಿ’. ಮೌಸ್ ಹಿಡಿದು ಬೇಕಾದ ಜಾಗದಲ್ಲಿ ಕ್ಲಿಕ್ ಮಾಡಿದಳು. ಕರ್ಸರ್ ಕದಲಲಿಲ್ಲ. ಎಫ್-9 ಒತ್ತಿದಳು. ಏನೂ ಆಗಲಿಲ್ಲ ಎನಿಸಿತು, ಆದರೆ ಸಾಲಿನ ತಲೆಯಲ್ಲಿದ್ದ ‘ಇಂಟ್’ ಎಂಬ ಪದದ ಸಣ್ಣಕ್ಷರ ದೊಡ್ಡಕ್ಷರವಾಗಿ ಕುಳಿತಿತ್ತು. ಕಣ್ಣಿಗೆ ಬೀಳಲಿಲ್ಲ. ಆಮೇಲೆ ಕಂಪೈಲರ್ ಆ ಸಾಲಿಗೇ ಬೈಯಿತು.

“ಏನಮ್ಮ, ಇನ್ನೂ ಟೈಪ್ ಮಾಡ್ತಾನೇ ಇದ್ದೀಯ?” ಎಂದರು ಲ್ಯಾಬಿನವರು.

“ಸರ್, ಇದು ತಾನಾಗೇ ಅಕ್ಷರ ಹಾಕ್ಕೊಳ್ತಾ ಇದೆ ಸರ್.”

“ಎಫ್ ಕೀ, ಮೌಸು ಎಲ್ಲ ಮರ್ತುಬಿಡು. ವಿಐನಲ್ಲಿ ಅವು ನಡೆಯೋಲ್ಲ.”

ಸಂಜೆ ಮನೆಗೆ ಹೋದವಳು, “ಅಪ್ಪ, ನಂಗೆ ಈ ಬ್ರಾಂಚ್ ಆಗಲ್ಲ ಅನ್ಸುತ್ತೆ” ಎಂದು ಕೂತಳು. “ಯಾಕ್ ಮಗ, ಕಂಪ್ಯೂಟ್ರು ಕೆಟ್ಟಿತ್ತಾ?” ಎಂದು ಕೇಳಿದ ತಂದೆ, ಮಗಳ ಬಳಿ ಸ್ವಂತ ಲ್ಯಾಪ್‌ಟಾಪ್ ಇಲ್ಲದ್ದೇ ಇದಕ್ಕೆಲ್ಲ ಕಾರಣವೆಂದು ತಿಳಿದು ಸಂಘದಲ್ಲಿ ಸಾಲ ಎತ್ತುವ ಲೆಕ್ಕ ಹಾಕತೊಡಗಿದರು.

ಕಂಪ್ಯೂಟರ್ ಕೆಟ್ಟಿರಲಿಲ್ಲ. ಹುಡುಗಿ ದಡ್ಡಿಯೂ ಅಲ್ಲ. ಲ್ಯಾಬಿನವರು ಹೇಳಿದ ಮಾತು ಮಾತ್ರ ಪೂರ್ತಿ ನಿಜವಲ್ಲ. ಎಫ್ ಕೀಲಿಗಳೂ ಮೌಸೂ ವಿಐ ವಂಶದ ಎಡಿಟರ್‌ಗಳಲ್ಲಿ ಚೆನ್ನಾಗಿಯೇ ನಡೆಯುತ್ತವೆ. ನಡೆಯುವಂತೆ ಹೇಳಿಕೊಡಬೇಕು, ಅಷ್ಟೆ. ಆ ದಿನ ಪರದೆಯ ಮೇಲೆ ಮೂಡಿದ ಕ್ಯೂ, ಎ, ಬಿ ಒಂದೂ ಭೂತಚೇಷ್ಟೆಯಲ್ಲ. ಪ್ರತಿಯೊಂದಕ್ಕೂ ಲೆಕ್ಕವಿದೆ.

ಮೊದಲು ಟರ್ಬೊ ಸಿ ಕಥೆ. 1981ರಲ್ಲಿ ಬಂದ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ ಹತ್ತು ಎಫ್ ಕೀಲಿಗಳಿದ್ದವು, ಎಡಗಡೆ ಎರಡು ಕಂಬಸಾಲಾಗಿ. ಮೇಲ್ಗಡೆ ಹನ್ನೆರಡು ಕೀಲಿಗಳ ಸಾಲು ಬಂದದ್ದು ಆಮೇಲೆ. ಆ ಯಂತ್ರದಲ್ಲಿ ಪ್ರತಿ ಕೀಲಿಗೂ ಒಂದು ಸಂಖ್ಯೆ. ನೀವು ಕೀಲಿ ಒತ್ತಿದಾಗ ಆ ಸಂಖ್ಯೆ ನೇರವಾಗಿ ಪ್ರೋಗ್ರಾಂ ಕೈಸೇರುತ್ತದೆ. ಒತ್ತಿದ್ದು ಎಫ್-2 ಎಂಬ ಬಗ್ಗೆ ಟರ್ಬೊ ಸಿಗೆ ಸಂಶಯವೇ ಇರುವುದಿಲ್ಲ. ಯಂತ್ರ, ಕೀಲಿಮಣೆ, ಪ್ರೋಗ್ರಾಂ ಮೂರೂ ಒಂದೇ ಮೇಜಿನ ಮೇಲೆ ಇವೆಯಲ್ಲ.

ಯುನಿಕ್ಸ್ ಮನೆತನದ ಕಥೆ ಬೇರೆ. ಅಲ್ಲಿ ಕಂಪ್ಯೂಟರ್ ಒಂದು ಕೋಣೆಯಲ್ಲಿ, ಬಳಸುವವರು ಇನ್ನೊಂದು ಕೋಣೆಯಲ್ಲಿ, ಕೆಲವೊಮ್ಮೆ ಇನ್ನೊಂದು ಊರಿನಲ್ಲಿ. ನಡುವೆ ಒಂದು ತಂತಿ. ಆ ತಂತಿಯಲ್ಲಿ ಒಂದರ ಹಿಂದೊಂದು ಅಕ್ಷರ ಹೋಗಬಹುದೇ ಹೊರತು ಬೇರೇನೂ ಹೋಗುವಂತಿಲ್ಲ. ‘ಎಫ್-2’ ಎಂಬ ಅಕ್ಷರ ಯಾವ ವರ್ಣಮಾಲೆಯಲ್ಲೂ ಇಲ್ಲವಷ್ಟೆ. ಹಾಗಾಗಿ ಅದನ್ನು ಎರಡು ಮೂರು ಅಕ್ಷರಗಳ ಗಂಟು ಮಾಡಿ ಕಳುಹಿಸಬೇಕಾಯಿತು. ಗಂಟಿನ ತಲೆಗೆ ‘ಎಸ್ಕೇಪ್’ ಎಂಬ ಕಾಣದ ಅಕ್ಷರ. ‘ಇನ್ನು ಮುಂದೆ ಬರುವುದು ಬರಹವಲ್ಲ, ಸಂಜ್ಞೆ’ ಎಂಬ ಎಚ್ಚರಿಕೆ ಅದು. 1978ರಲ್ಲಿ ಡಿಜಿಟಲ್ ಕಂಪನಿ ಹೊರತಂದ ವಿಟಿ-100 ಎಂಬ ಟರ್ಮಿನಲ್‌ನಲ್ಲಿ ನಾಲ್ಕು ವಿಶೇಷ ಕೀಲಿಗಳಿದ್ದವು. ಅವು ಕ್ರಮವಾಗಿ ಎಸ್ಕೇಪ್–ಓ–ಪಿ, ಎಸ್ಕೇಪ್–ಓ–ಕ್ಯೂ, ಎಸ್ಕೇಪ್–ಓ–ಆರ್, ಎಸ್ಕೇಪ್–ಓ–ಎಸ್ ಎಂದು ಕಳುಹಿಸುತ್ತಿದ್ದವು. ವಿಟಿ-100 ಈಗ ಮ್ಯೂಸಿಯಂ ಸೇರಿದೆ. ಆದರೆ ಇಂದಿನ ಲಿನಕ್ಸ್ ಟರ್ಮಿನಲ್ ಕಿಟಕಿಯಲ್ಲಿ ಎಫ್-1ರಿಂದ ಎಫ್-4ರವರೆಗಿನ ಕೀಲಿಗಳು ಕಳುಹಿಸುವುದು ಸಾಮಾನ್ಯವಾಗಿ ಅದೇ ನಾಲ್ಕು ಗಂಟುಗಳನ್ನು!

ಈಗ ಹುಡುಗಿಯ ಪರದೆಗೆ ಬರೋಣ. ಎಫ್-2 ಒತ್ತಿದಾಗ ವಿಐಗೆ ತಲುಪಿದ್ದು ಎಸ್ಕೇಪ್, ಓ, ಕ್ಯೂ. ವಿಐ ಭಾಷೆಯಲ್ಲಿ ಎಸ್ಕೇಪ್ ಎಂದರೆ ‘ಬರೆಯುವುದು ಸಾಕು, ಆಜ್ಞೆಗೆ ಸಿದ್ಧವಾಗು’. ದೊಡ್ಡಕ್ಷರದ ಓ ಎಂದರೆ ‘ಈ ಸಾಲಿನ ಮೇಲೆ ಹೊಸ ಸಾಲು ತೆರೆದು ಬರೆಯಲು ಶುರುಮಾಡು’. ಆಮೇಲೆ ಬಂದ ಕ್ಯೂ ಆ ಹೊಸ ಸಾಲಿನಲ್ಲಿ ಬರೆದ ಅಕ್ಷರ. ವಿಐ ಹೇಳಿದಷ್ಟನ್ನು ಚಾಚೂತಪ್ಪದೆ ಮಾಡಿತ್ತು. ಮೇಲಿನ ಬಾಣ ಎಸ್ಕೇಪ್–ಓ–ಎ, ಕೆಳಗಿನದು ಎಸ್ಕೇಪ್–ಓ–ಬಿ. ಎ, ಬಿ ಬಂದ ದಾರಿಯೂ ಇದೇ. ಎಫ್-9ರ ಗಂಟು ಇನ್ನೂ ಉದ್ದ: ಎಸ್ಕೇಪ್, ಚೌಕ ಆವರಣ, ಎರಡು, ಸೊನ್ನೆ, ಕೊನೆಗೆ ಅಲೆಯಂತಿರುವ ಟಿಲ್ಡೆ ಚಿಹ್ನೆ. ಆವರಣ ಮತ್ತು ಎರಡು ಸೇರಿದರೆ ವಿಐಗೆ ಅರ್ಥವಾಗದೆ ಒಮ್ಮೆ ಗುರ್ ಎನ್ನುತ್ತದೆ. ಸೊನ್ನೆ ಎಂದರೆ ಸಾಲಿನ ಆರಂಭಕ್ಕೆ ಹೋಗು. ಟಿಲ್ಡೆ ಎಂದರೆ ಸಣ್ಣಕ್ಷರವನ್ನು ದೊಡ್ಡದು ಮಾಡು. ಅಲ್ಲಿದ್ದ ‘ಇಂಟ್’ ಕೆಟ್ಟಿತು. ಕಂಪೈಲ್ ಮಾಡಲು ಒತ್ತಿದ ಕೀಲಿಯೇ ಕಂಪೈಲ್ ಆಗದಂತೆ ಮಾಡಿತು ಎಂದರೆ ಎಂಥ ವಿಪರ್ಯಾಸ!

ಹಾಗಾದರೆ ಗಂಟನ್ನು ಗಂಟೆಂದು ವಿಐ ಗುರುತಿಸಬಾರದೇ? ಗುರುತಿಸಬಲ್ಲದು. ವಿಐ ಬರೆದ ಬಿಲ್ ಜಾಯ್ ಅವರೇ ಅದಕ್ಕೆ ದಾರಿ ಮಾಡಿಟ್ಟಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಅವರು ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಪೇಟೆಯಲ್ಲಿ ಹತ್ತಾರು ಕಂಪನಿಗಳ ಟರ್ಮಿನಲ್‌ಗಳಿದ್ದವು, ಒಂದೊಂದರ ಗಂಟು ಒಂದೊಂದು ತರಹ. ಎಲ್ಲವನ್ನೂ ಒಂದು ಪಟ್ಟಿಯಲ್ಲಿ ಬರೆದಿಟ್ಟರು. ಟರ್ಮ್‌ಕ್ಯಾಪ್ ಎಂದು ಅದರ ಹೆಸರು. ನಿಘಂಟು ಎನ್ನಿ. ಎದುರಿಗಿರುವುದು ಯಾವ ಟರ್ಮಿನಲ್ ಎಂದು ತಿಳಿಸಿದರೆ ಎಡಿಟರ್ ಆ ನಿಘಂಟು ನೋಡಿಕೊಂಡು ‘ಇದು ಎಫ್-2, ಇದು ಮೇಲಿನ ಬಾಣ’ ಎಂದು ತಿಳಿದುಕೊಳ್ಳುತ್ತದೆ. ಒಂದೇ ಒಂದು ಗೊಂದಲ ಉಳಿಯುತ್ತದೆ: ಮನುಷ್ಯ ನಿಜವಾಗಿ ಎಸ್ಕೇಪ್ ಒತ್ತಿದ್ದೋ, ಗಂಟಿನ ತಲೆಯ ಎಸ್ಕೇಪೋ? ಎಡಿಟರ್ ಕ್ಷಣಕಾಲ ಕಾದು ನೋಡುತ್ತದೆ. ಹಿಂದೆಯೇ ಬೇರೆ ಅಕ್ಷರ ಬಂದರೆ ಗಂಟು, ಬಾರದಿದ್ದರೆ ಮನುಷ್ಯ. ಜಾಲ ನಿಧಾನವಾಗಿದ್ದರೆ ಈ ಊಹೆ ತಪ್ಪುವುದೂ ಉಂಟು.

ಲ್ಯಾಬಿನಲ್ಲಿ ನಿಘಂಟು ಇರಲಿಲ್ಲವೇ? ಇತ್ತು. ನೋಡಬೇಡ ಎಂದು ಎಡಿಟರ್‌ಗೆ ಹೇಳಿಟ್ಟಿದ್ದರು. ಉಬುಂಟು ಲಿನಕ್ಸ್ ಹಾಕಿದ ಯಂತ್ರದಲ್ಲಿ ವಿಐ ಎಂದು ಟೈಪ್ ಮಾಡಿದರೆ ಏಳುವುದು ವಿಮ್ ಎಂಬ ಎಡಿಟರ್‌ನ ‘ಟೈನಿ’ ಎಂಬ ಪುಟ್ಟ ಆವೃತ್ತಿ. ಅದು ಹಳೆಯ ವಿಐನಂತೆಯೇ ನಡೆದುಕೊಳ್ಳುವ ‘ಕಂಪ್ಯಾಟಿಬಲ್’ ಸ್ಥಿತಿಯಲ್ಲಿ ಶುರುವಾಗುತ್ತದೆ. ಆ ಸ್ಥಿತಿಯಲ್ಲಿ, ಬರೆಯುವ ನಡುವೆ ಬರುವ ಎಸ್ಕೇಪ್ ಎಂದರೆ ಮನುಷ್ಯನ ಎಸ್ಕೇಪ್ ಎಂದೇ ಲೆಕ್ಕ. ಹೊಸಬರ ಕೈಗೆ ಕೊಡುವ ಯಂತ್ರದಲ್ಲಿ ಇಂಥ ಏರ್ಪಾಡು ಏಕೆ ಬೇಕೋ! ಪೂರ್ತಿ ವಿಮ್ ಹಾಕಿಸಿದರೆ ತೊಂದರೆ ತಾನಾಗಿ ಹೋಗುತ್ತದೆ. ಹಾಕಿಸುವ ಅಧಿಕಾರ ವಿದ್ಯಾರ್ಥಿಗೆ ಇರುವುದಿಲ್ಲ. ಆದರೆ ತನ್ನ ಖಾತೆಯಲ್ಲಿ ‘ಡಾಟ್ ವಿಮ್‌ಆರ್‌ಸಿ’ ಎಂಬ ಪುಟ್ಟ ಕಡತ ಮಾಡಿಕೊಂಡು ಅದರಲ್ಲಿ ‘ಸೆಟ್ ನೋಕಂಪ್ಯಾಟಿಬಲ್’ ಎಂಬ ಒಂದೇ ಸಾಲು ಬರೆದಿಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಬಾಣದ ಕೀಲಿಗಳು ಕೂಡಲೇ ಸರಿಹೋಗುತ್ತವೆ. ಅದೇ ಕಡತದಲ್ಲಿ ಎಫ್-2 ಎಂದರೆ ಉಳಿಸು, ಎಫ್-9 ಎಂದರೆ ಉಳಿಸಿ ಕಂಪೈಲ್ ಮಾಡು ಎಂದು ಒಂದೊಂದು ‘ಮ್ಯಾಪ್’ ಸಾಲು ಬರೆದರೆ, ಟರ್ಬೊ ಸಿ ಕಲಿಸಿದ ಬೆರಳುಗಳು ಇಲ್ಲಿಯೂ ನೆಮ್ಮದಿಯಾಗಿ ಓಡಾಡಬಹುದು.

ಬಿಲ್ ಜಾಯ್ ಕೂತು ಬರೆದ ಎಡಿಎಂ-3ಎ ಎಂಬ ಟರ್ಮಿನಲ್‌ನಲ್ಲಿ ಎಫ್ ಕೀಲಿಗಳೇ ಇರಲಿಲ್ಲ, ಮೌಸ್ ಅಂತೂ ಇಲ್ಲವೇ ಇಲ್ಲ. ಬಾಣದ ಗುರುತುಗಳನ್ನು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಅಚ್ಚು ಹಾಕಿದ್ದರು. ಎಸ್ಕೇಪ್ ಕೀಲಿ ಈಗ ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳಿಗೆ ಎಟಕುವಂತೆ ಇತ್ತು. ವಿಐನಲ್ಲಿ ಇಂದಿಗೂ ಎಚ್ ಒತ್ತಿದರೆ ಎಡಕ್ಕೆ, ಎಲ್ ಒತ್ತಿದರೆ ಬಲಕ್ಕೆ ಹೋಗುವ ಗುಟ್ಟು ಇಷ್ಟೆ. ಮನೆಯಿಂದ ಕೆಲಸ ಮಾಡಲು ಅವರಿಗಿದ್ದ ಮೋಡೆಮ್ ಸೆಕೆಂಡಿಗೆ ಸುಮಾರು 30 ಅಕ್ಷರ ಸಾಗಿಸುತ್ತಿತ್ತು. ಒಂದು ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಲೆಕ್ಕ ಹಾಕಿ ನೋಡಿ, ಪರದೆ ತುಂಬಲು ಒಂದು ನಿಮಿಷಕ್ಕೂ ಹೆಚ್ಚು! ಅಂಥ ಬಡತನದಲ್ಲಿ ಹುಟ್ಟಿದ ಎಡಿಟರ್ ಒಂದೊಂದು ಅಕ್ಷರದಲ್ಲಿ ಆಜ್ಞೆ ಕೊಡುವುದನ್ನು ಕಲಿತದ್ದು ಸಹಜವೇ.

ಅದೇ ಬಿಲ್ ಜಾಯ್ 1982ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಟ್ಟಿದ ನಾಲ್ವರಲ್ಲಿ ಒಬ್ಬರಾದರು. ಸನ್ ಮಾಡಿದ್ದು ವರ್ಕ್‌ಸ್ಟೇಷನ್. ಒಬ್ಬ ಎಂಜಿನಿಯರಿಗೆ ಒಂದು ಯಂತ್ರ, ದೊಡ್ಡ ಪರದೆ, ಒಳಗೆ ಯುನಿಕ್ಸ್, ಹಿಂದೆ ಜಾಲದ ತಂತಿ, ಪಕ್ಕದಲ್ಲಿ ಮೂರು ಗುಂಡಿಯ ಮೌಸ್. ಬೆಂಗಳೂರಿಗೂ ಈ ಕಾಲ ಬೇಗನೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಚಿಪ್ ವಿನ್ಯಾಸದ ಕೇಂದ್ರ ತೆರೆದು ಉಪಗ್ರಹದ ಮೂಲಕ ಅಮೆರಿಕದ ಕಚೇರಿಗೆ ಜೋಡಿಸಿಕೊಂಡಾಗ, ಮೇಜಿನ ಮೇಲೆ ಇಂಥ ಯಂತ್ರ ಇಟ್ಟುಕೊಂಡು ದೂರದ ಕಂಪ್ಯೂಟರಿನೊಡನೆ ಮಾತಾಡುವ ಉದ್ಯೋಗ ಈ ಊರಿನಲ್ಲಿ ಬೇರೂರತೊಡಗಿತು. ಇಂದು ರಾಜರಾಜೇಶ್ವರಿನಗರದ ಯಾವ ಲ್ಯಾಬಿನ ಸಾಧಾರಣ ಪಿಸಿಯೂ ಆ ವರ್ಕ್‌ಸ್ಟೇಷನ್ನಿಗಿಂತ ಎಷ್ಟೋ ಪಾಲು ಬಲಶಾಲಿ. ಕಪ್ಪು ಕಿಟಕಿಯೊಳಗಿನ ರೀತಿನೀತಿ ಮಾತ್ರ ಅದೇ.

ಮೌಸ್ ವಿಚಾರದಲ್ಲಿ ನಮ್ಮ ಲ್ಯಾಬುಗಳಲ್ಲಿ ಒಂದು ಬಿಂಕ ಇದೆ. ಮೌಸ್ ಮುಟ್ಟುವವರು ಕಚ್ಚಾ ಪ್ರೋಗ್ರಾಮರುಗಳು, ಪಳಗಿದವರಿಗೆ ಕೀಲಿಮಣೆಯೇ ಸಾಕು ಎಂದು. ಸೀನಿಯರ್ ಹುಡುಗರು ಜೂನಿಯರುಗಳ ಮುಂದೆ ಈ ಮಾತನ್ನು ಬಲು ಗತ್ತಿನಿಂದ ಹೇಳುತ್ತಾರೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಮೊದಲ ಸಲ ಸಭೆಯ ಮುಂದೆ ಮೌಸ್ ಹಿಡಿದು ತೋರಿಸಿದ್ದು ಚಿತ್ರ ಬರೆಯುವುದನ್ನಲ್ಲ, ಆಟ ಆಡುವುದನ್ನಲ್ಲ, ಪಠ್ಯ ತಿದ್ದುವುದನ್ನು. ಪದವೊಂದನ್ನು ತೋರಿಸಿ ಅಳಿಸುವುದು, ಸಾಲನ್ನು ಎತ್ತಿ ಬೇರೆ ಕಡೆ ಇಡುವುದು. ಎಡಿಟರ್‌ಗೆಂದೇ ಹುಟ್ಟಿದ ಸಾಧನ ಅದು. ಮುಂದೆ 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಆಲ್ಟೊ ಯಂತ್ರದ ಬ್ರೇವೊ ಎಡಿಟರ್ ಕೂಡ ಮೌಸ್ ಹಿಡಿದೇ ನಡೆಯುತ್ತಿತ್ತು.

ಹುಡುಗಿ ಕ್ಲಿಕ್ ಮಾಡಿದಾಗ ಕರ್ಸರ್ ಏಕೆ ಕದಲಲಿಲ್ಲ? ಆ ಕ್ಲಿಕ್ಕನ್ನು ಟರ್ಮಿನಲ್ ಕಿಟಕಿ ತಾನೇ ಇಟ್ಟುಕೊಂಡಿತು, ಒಳಗಿನ ಎಡಿಟರ್‌ಗೆ ತಿಳಿಸಲಿಲ್ಲ. ಪೂರ್ತಿ ವಿಮ್‌ನಲ್ಲಿ ಕೋಲನ್ ಒತ್ತಿ ‘ಸೆಟ್ ಮೌಸ್ ಈಕ್ವಲ್ಸ್ ಎ’ ಎಂದು ಕೊಟ್ಟರೆ ಎಡಿಟರ್ ಕಿಟಕಿಗೆ ‘ಇನ್ನು ಮೇಲೆ ಕ್ಲಿಕ್ ನನಗೂ ಹೇಳು’ ಎಂದು ಕೇಳಿಕೊಳ್ಳುತ್ತದೆ. ಅಲ್ಲಿಂದ ಪ್ರತಿ ಕ್ಲಿಕ್ಕೂ ಎಫ್ ಕೀಲಿಯಂತೆಯೇ ಎಸ್ಕೇಪ್ ತಲೆಯ ಒಂದು ಗಂಟು: ಯಾವ ಗುಂಡಿ, ಎಷ್ಟನೆಯ ಕಂಬ, ಎಷ್ಟನೆಯ ಸಾಲು. ಅಕ್ಷರಗಳಾಗಿಯೇ ಹೋಗುವುದರಿಂದ ದೂರದ ಯಂತ್ರಕ್ಕೆ ಜಾಲದ ಮೂಲಕ ಲಾಗಿನ್ ಆಗಿದ್ದರೂ ಮೌಸ್ ನಡೆಯುತ್ತದೆ. ಹಳೆಯ ಕ್ರಮದಲ್ಲಿ ಕಂಬದ ಸಂಖ್ಯೆಗೆ ಒಂದೇ ಅಕ್ಷರದ ಜಾಗ, ಅದರಲ್ಲಿ 223ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುತ್ತಿರಲಿಲ್ಲ. ಅಗಲವಾದ ಪರದೆ ಬಂದ ಮೇಲೆ ಬಲತುದಿಯಲ್ಲಿ ಕ್ಲಿಕ್ ಮಾಡಿದರೆ ಮೌಸ್ ಸತ್ತಂತಿರುತ್ತಿತ್ತು. ಆಮೇಲೆ ಬಂದ ಹೊಸ ಕ್ರಮ ಅದನ್ನು ಸರಿಪಡಿಸಿತು.

ಇದರಲ್ಲಿ ಒಂದು ಕೊಡುಕೊಳ್ಳುವಿಕೆ ಉಂಟು. ಲಿನಕ್ಸ್ ಟರ್ಮಿನಲ್‌ನಲ್ಲಿ ಮೌಸ್ ಎಳೆದು ಗುರುತಿಸಿ ನಡುಗುಂಡಿ ಒತ್ತಿದರೆ, ಈಗಿನ ಮೌಸ್‌ನಲ್ಲಾದರೆ ಚಕ್ರವನ್ನೇ ಒತ್ತಿದರೆ, ಗುರುತಿಸಿದ್ದು ನಕಲಾಗಿ ಬಂದು ಬೀಳುತ್ತದೆ. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯ ಬಳುವಳಿ ಇದು. ಎಡಿಟರ್ ಮೌಸನ್ನು ತೆಗೆದುಕೊಂಡ ಮೇಲೆ ಈ ನಕಲು ಮೊದಲಿನಂತೆ ನಡೆಯದು. ಶಿಫ್ಟ್ ಹಿಡಿದುಕೊಂಡು ಎಳೆಯಬೇಕು. 2016ರಲ್ಲಿ ಬಂದ ವಿಮ್ 8 ಸ್ವಂತ ವಿಮ್‌ಆರ್‌ಸಿ ಇಲ್ಲದವರಿಗೆ ಮೌಸನ್ನು ತಾನಾಗಿ ಚಾಲೂ ಮಾಡಲಾರಂಭಿಸಿದಾಗ ಗೊಣಗಿದವರು ಪಳಗಿದ ಹಳಬರೇ. ಮೌಸ್ ಮುಟ್ಟುವುದಿಲ್ಲ ಎನ್ನುತ್ತಿದ್ದವರು ಇಷ್ಟು ದಿನ ನಕಲು ಮಾಡಲು ಅದನ್ನೇ ಹಿಡಿಯುತ್ತಿದ್ದರೆಂದು ಆಗ ಗೊತ್ತಾಯಿತು! ಇನ್ನೊಂದು ಎಚ್ಚರಿಕೆ: ವಿಐ ಆಜ್ಞೆಗೆ ಕಾದಿರುವಾಗ ಚಕ್ರ ಒತ್ತಿ ಏನನ್ನಾದರೂ ಸುರಿದರೆ ಅದರ ಒಂದೊಂದು ಅಕ್ಷರವೂ ಆಜ್ಞೆಯಾಗಿ ಪ್ರೋಗ್ರಾಂ ಚಿಂದಿಯಾಗುವುದುಂಟು. ಪೂರ್ತಿ ವಿಮ್‌ನಲ್ಲಾದರೆ ಎಸ್ಕೇಪ್ ಒತ್ತಿ, ಸಣ್ಣಕ್ಷರದ ಯು ಒತ್ತುತ್ತ ಹೋದರೆ ಹಿಂದಿನ ಸ್ಥಿತಿ ಮರಳುತ್ತದೆ.

ವಿಮ್ ಬರೆದ ಡಚ್ ಎಂಜಿನಿಯರ್ ಬ್ರಾಮ್ ಮೊಲೆನಾರ್ 1991ರಲ್ಲಿ ಅದನ್ನು ಲೋಕಕ್ಕೆ ಪುಕ್ಕಟೆ ಕೊಟ್ಟರು. ಬಳಸಿ ಖುಷಿಯಾದರೆ ಉಗಾಂಡದ ಅನಾಥ ಮಕ್ಕಳಿಗೆ ಏನಾದರೂ ನೀಡಿ ಎಂದಷ್ಟೇ ಕೇಳಿದರು. ಕಡತ ಕೊಡದೆ ವಿಮ್ ತೆರೆದಾಗ ಆ ಮಾತು ಪರದೆಯ ನಡುವೆ ಈಗಲೂ ಕಾಣಿಸಿಕೊಳ್ಳುತ್ತದೆ, ಎಷ್ಟೋ ವಿದ್ಯಾರ್ಥಿಗಳು ಓದದೆ ಮುಂದೆ ಹೋಗುತ್ತಾರೆ. ಅವರು 2023ರ ಆಗಸ್ಟ್‌ನಲ್ಲಿ ತೀರಿಕೊಂಡರು.

ವಿಐ ಹಿಡಿಸದವರಿಗೆ ಇಮ್ಯಾಕ್ಸ್ ಇದೆ. 1976ರಲ್ಲಿ ಎಂಐಟಿಯಲ್ಲಿ ಮೊಳೆತದ್ದು, ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಗ್ನೂ ಇಮ್ಯಾಕ್ಸ್ ಎಂದು ಹಂಚಿದ್ದು. ಇದರ ಕಿಟಕಿಯಲ್ಲಿ ಮೌಸ್ ಯಾರ ಶಿಫಾರಸೂ ಇಲ್ಲದೆ ನಡೆಯುತ್ತದೆ. ಎಫ್-1 ಒತ್ತಿದರೆ ಸಹಾಯ, ಎಫ್-10 ಒತ್ತಿದರೆ ಮೆನು. ಆದರೆ ಎಫ್-3 ಒತ್ತಿದರೆ ಟರ್ಬೊ ಸಿಯಲ್ಲಿದ್ದಂತೆ ಕಡತ ತೆರೆಯುವುದಿಲ್ಲ, ನೀವು ಮುಂದೆ ಒತ್ತುವ ಕೀಲಿಗಳನ್ನೆಲ್ಲ ಅದು ಬರೆದುಕೊಳ್ಳತೊಡಗುತ್ತದೆ. ಎಫ್-4 ಒತ್ತಿದರೆ ನಿಲ್ಲಿಸುತ್ತದೆ, ಮತ್ತೆ ಒತ್ತಿದರೆ ಬರೆದುಕೊಂಡದ್ದನ್ನು ಮತ್ತೆ ಮಾಡಿ ತೋರಿಸುತ್ತದೆ. ನೂರು ಸಾಲುಗಳಿಗೆ ಒಂದೇ ತಿದ್ದುಪಡಿ ಬೇಕಾದಾಗ ಇದರಷ್ಟು ಉಪಕಾರಿ ಬೇರೊಂದಿಲ್ಲ. ಎಫ್-1 ಒತ್ತಿ ನಂತರ ಎಚ್ ಒತ್ತಿದರೆ ಜಗತ್ತಿನ ಅನೇಕ ಭಾಷೆಗಳಲ್ಲಿ ನಮಸ್ಕಾರ ಹೇಳುವ ಪುಟವೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಕನ್ನಡದ ನಮಸ್ಕಾರವೂ ಇದೆ. ಲ್ಯಾಬಿನ ಯಂತ್ರದಲ್ಲಿ ಇಮ್ಯಾಕ್ಸ್ ಇದ್ದರೆ ಒಮ್ಮೆ ನೋಡಿ.

ಕನ್ನಡದ ಮಾತು ಬಂದಿತು. 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’ದಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಜಿಗಿಯಲು ಎಫ್-11 ಒತ್ತಿ ಅಭ್ಯಾಸವಾದವರು ಎಷ್ಟೋ ಮಂದಿ. ಅದೇ ಎಫ್-11 ಲಿನಕ್ಸ್‌ನ ಗ್ನೋಮ್ ಟರ್ಮಿನಲ್‌ನಲ್ಲಿ ಕಿಟಕಿಯನ್ನು ಪರದೆ ತುಂಬ ಹಿಗ್ಗಿಸುತ್ತದೆ. ಎಫ್-1, ಎಫ್-10 ಕೂಡ ಎಡಿಟರ್ ತಲುಪುವ ಮೊದಲೇ ಆ ಕಿಟಕಿಯ ಪಾಲಾಗುವುದು ಸಾಮಾನ್ಯ. ಹಾಗಾಗಿ ವಿಮ್‌ನಲ್ಲಿ ಸ್ವಂತ ಕೆಲಸ ಅಂಟಿಸಿಕೊಳ್ಳಲು ಎಫ್-2ರಿಂದ ಎಫ್-9ರವರೆಗೆ ಇಟ್ಟುಕೊಳ್ಳುವುದು ಕ್ಷೇಮ. ಟರ್ಮಿನಲ್ ಒಳಗೆ ಕನ್ನಡ ಬರೆಯುವುದು ಮಾತ್ರ ಇಂದಿಗೂ ಕಷ್ಟ. ಅದು ಚದುರಂಗದ ಮಣೆಯಂತೆ ಸಮಮನೆಗಳ ಜಾಗ, ಮನೆಗೊಂದು ಅಕ್ಷರ. ನಮ್ಮ ಒತ್ತಕ್ಷರ ಆ ಮನೆಗಳಲ್ಲಿ ಇಕ್ಕಟ್ಟಿಗೆ ಸಿಕ್ಕಿ ಒಡೆಯುತ್ತದೆ. ಕನ್ನಡಕ್ಕೆ ಇಮ್ಯಾಕ್ಸ್ ಕಿಟಕಿ ಅಥವಾ ಜಿಎಡಿಟ್‌ನಂಥ ಎಡಿಟರ್ ಮೇಲು.

ಲ್ಯಾಪ್‌ಟಾಪ್ ಕೊಳ್ಳಲು ಹೊರಟ ತಂದೆತಾಯಿಗಳಿಗೆ ಒಂದು ಮಾತು. ಎಫ್ ಸಾಲಿನ ಗೊಂದಲ ಲ್ಯಾಪ್‌ಟಾಪ್‌ನಲ್ಲಿ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಗಳಿಗೆ ದನಿ ಏರಿಸುವ, ಬೆಳಕು ಇಳಿಸುವ ಕೆಲಸ ಹಚ್ಚಿರುತ್ತಾರೆ. ನಿಜವಾದ ಎಫ್-2 ಬೇಕೆಂದರೆ ‘ಎಫ್‌ಎನ್’ ಎಂಬ ಇನ್ನೊಂದು ಕೀಲಿಯನ್ನೂ ಹಿಡಿಯಬೇಕು. ಎಡಿಟರ್ ಅಭ್ಯಾಸಕ್ಕೆ ಹಳೆಯ ಪಿಸಿಯೊಂದಕ್ಕೆ ಲಿನಕ್ಸ್ ಹಾಕಿ ಸಾಧಾರಣ ಕೀಲಿಮಣೆ ಚುಚ್ಚಿದರೆ ಧಾರಾಳವಾಗಿ ಸಾಕು. ವಿಮ್, ಇಮ್ಯಾಕ್ಸ್, ಕಂಪೈಲರ್ ಎಲ್ಲವೂ ಪುಕ್ಕಟೆ. ಸಾಲದ ಹಣದ ಲ್ಯಾಪ್‌ಟಾಪ್ ಮುಂದೆ ಎಂದಾದರೂ ಬೇಕಾಗಬಹುದು, ಆದರೆ ಪರದೆಯ ಮೇಲೆ ಕ್ಯೂ ಬಂತೆಂಬ ಕಾರಣಕ್ಕಲ್ಲ.

ಉಳಿದದ್ದು ಪರೀಕ್ಷೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2010, 2018ರ ಪಠ್ಯಕ್ರಮಗಳಲ್ಲಿ ಲ್ಯಾಬ್ ಪರೀಕ್ಷೆಗೆ ಚೀಟಿ ಎತ್ತುವ ಕ್ರಮವಿತ್ತು. ಬಂದ ಪ್ರೋಗ್ರಾಂ ಬೇಡವೆಂದರೆ ಒಂದು ಸಲ ಬದಲಾಯಿಸಿಕೊಳ್ಳಬಹುದು, ಆದರೆ ವಿಧಾನ ಬರೆದುದಕ್ಕೆ ಇಟ್ಟ ಅಂಕ ಸೊನ್ನೆಯಾಗುತ್ತದೆ. ಚೀಟಿಯಲ್ಲಿ ಗೊತ್ತಿರುವ ಪ್ರೋಗ್ರಾಮೇ ಬಂದರೂ ಎಡಿಟರ್ ಜೊತೆ ಕುಸ್ತಿಯಾಡಿ ಬೇಸತ್ತು ಬದಲಾಯಿಸಿ ಅಂಕ ಕಳೆದುಕೊಂಡರೆ ಅದಕ್ಕಿಂತ ನಷ್ಟವಿಲ್ಲ. ಪರೀಕ್ಷೆಯ ದಿನ ಕೂರಿಸುವ ಯಂತ್ರ ಬೇರೆ, ಖಾತೆಯೂ ಬೇರೆಯಾಗಿರಬಹುದು. ನಿಮ್ಮ ವಿಮ್‌ಆರ್‌ಸಿ ಕಡತ ಅಲ್ಲಿರುವುದಿಲ್ಲ. ಬಾಣ ಒತ್ತಿ ಎ ಬಂದರೆ ಗಾಬರಿಯಾಗದೆ ಎಸ್ಕೇಪ್, ಯು. ಓಡಾಡಲು ಎಚ್, ಜೆ, ಕೆ, ಎಲ್. ಬರೆಯಲು ಐ. ಉಳಿಸಲು ಎಸ್ಕೇಪ್, ಕೋಲನ್, ಡಬ್ಲ್ಯು. ಹೊರಬರಲು ಕೋಲನ್, ಕ್ಯೂ. ವಿಂಡೋಸ್ ರೂಢಿಯವರು ಉಳಿಸಲೆಂದು ಕಂಟ್ರೋಲ್–ಎಸ್ ಒತ್ತಿ, ಹಳೆಯ ವಿಮ್‌ನಲ್ಲಿ ಪರದೆ ಹೆಪ್ಪುಗಟ್ಟಿದಂತೆ ನಿಂತರೆ, ಕಂಟ್ರೋಲ್–ಕ್ಯೂ ಒತ್ತಿದರೆ ಎಚ್ಚರಗೊಳ್ಳುತ್ತದೆ. ಅದು ಟೆಲಿಪ್ರಿಂಟರ್ ಕಾಲದ ‘ನಿಲ್ಲು’, ‘ಮುಂದುವರಿ’ ಸಂಜ್ಞೆ.

ಬಿಡದಿಯ ಹುಡುಗಿಗೆ ಇದನ್ನು ಹೇಳಿಕೊಟ್ಟದ್ದು ಅದೇ ಲ್ಯಾಬಿನಲ್ಲಿ ಒಂದು ವರ್ಷ ಮುಂದಿದ್ದ ಇನ್ನೊಬ್ಬ ಹುಡುಗಿ, ಕ್ಯಾಂಟೀನಿನ ಬಿಲ್ಲಿನ ಬೆನ್ನಮೇಲೆ ನಾಲ್ಕು ಸಾಲು ಬರೆದು. ಪರೀಕ್ಷೆಯಲ್ಲಿ ಚೀಟಿ ಎತ್ತಿ ಕೂತಾಗ ಹೊಸ ಖಾತೆ, ಹಳೆಯ ವಿಐ. ಮೊದಲ ಸಾಲಿಗೇ ಬಾಣ ಒತ್ತಿ ಎ ತಂದುಕೊಂಡಳು. ಎಸ್ಕೇಪ್ ಒತ್ತಿದಳು, ಯು ಒತ್ತಿದಳು, ಎ ಹೋಯಿತು. ಕೋಲನ್ ಹಾಕಿ ‘ಸೆಟ್ ನೋಕಂಪ್ಯಾಟಿಬಲ್’ ಎಂದು ಬರೆದು ಎಂಟರ್ ಒತ್ತಿ, ಪ್ರೋಗ್ರಾಂ ಬರೆಯತೊಡಗಿದಳು.